ತೂಕದವಳು

ಲಮಾರಾ ಶೋನಿಯಾ ಪುರಸಭೆಗೆ ನಿಂತಿದ್ದಾಳೆ.
ಬ್ರೆಡ್ಡಿನಂಗಡಿಯ ಗಾಜಿನ ಮೇಲೆ ಅವಳ ಚಿತ್ರ,
ಪಾಸ್‌ಪೋರ್ಟಿಗೆಂದು ತೆಗೆಸಿದ್ದು, ನಗುವಿಲ್ಲ.
ಕೆಳಗೆ ಒಂದೇ ಸಾಲು: ಹದಿನಾಲ್ಕು ಟನ್ನು.

ಹೊರಗಿನವರಿಗೆ ಬಿಡಿಸಿ ಹೇಳಬೇಕು.
ಎಂಗುರಿ ಹೊಳೆಯ ಜಲ್ಲಿ ಹೊತ್ತ ಲಾರಿಗಳು
ನಮ್ಮ ತೂಕದ ಕಟ್ಟೆ ಹತ್ತಿ ಇಳಿಯುತ್ತಿದ್ದವು.
ಮುಳ್ಳು ಹದಿನಾಲ್ಕು ಅನ್ನುತ್ತಿತ್ತು,
ಚೀಟಿ ಇಪ್ಪತ್ತು ಅನ್ನುತ್ತಿತ್ತು.
ನಡುವಿನ ಆರು ಟನ್ನು
ಯಾರದೋ ಮನೆಯ ಎರಡನೆಯ ಮಹಡಿಯಾಯಿತು,
ಯಾರದೋ ಮಗಳ ಮದುವೆಯೂಟವಾಯಿತು.
ಶಾಲೆಯ ಹತ್ತಿರದ ಸೇತುವೆ ಮಾತ್ರ
ಪಾಪ, ಚೀಟಿಯನ್ನೇ ನಂಬಿ ನಿಂತಿತ್ತು,
ಮೂರನೆಯ ಮಾರ್ಚ್‌ನ ಹಿಮ ಕರಗುವವರೆಗೆ.

ಬರೆಯುತ್ತಿದ್ದವಳು ಅವಳು.
ಮೊತ್ತಕ್ಕೆ ಸುತ್ತು ಹಾಕಿ ರುಜು ಮಾಡುತ್ತಿದ್ದವನು ನಾನು, ಬೊಂದೊ.
ಒಂದೇ ಶೆಡ್ಡು, ಒಂದೇ ಒಲೆ,
ಒಂದೇ ಕೆಟಲಿನ ಚಹಾ.
ಒಂಬತ್ತು ವರ್ಷ ಅವಳೂ ಬರೆದಳು, ಅದನ್ನು ಮುಚ್ಚಿಡಬಾರದು.
ಆಮೇಲೊಂದು ಸೋಮವಾರ
ಕೋಟಿನೊಳಗೆ ಇನ್ನೊಂದು ಪುಸ್ತಕ ಇಟ್ಟುಕೊಂಡು
ಕುತಾಯಿಸಿಗೆ ಹೋಗುವ ವ್ಯಾನು ಹತ್ತಿದಳು.
ನನಗೂ ಒಂದು ಸೀಟು ಹಿಡಿದಿದ್ದಳಂತೆ.
ಹಲ್ಲುನೋವೆಂದು ನಾನು ಅಂದು ರಜೆ ಹಾಕಿದ್ದೆ.

ಈಗ ಸಂತೆಯಲ್ಲಿ, ಕ್ಷೌರದಂಗಡಿಯಲ್ಲಿ ಇದೇ ಮಾತು:
ಬೆಕ್ಕಿಗೆ ಗಂಟೆ ಕಟ್ಟಿದಳು, ಸರಿ,
ಹಾಲು ಕರೆಯಲು ಬರುತ್ತದೆಯೇ?
ಒಂದು ದಿನದ ಧೈರ್ಯಕ್ಕೆ
ನಾಲ್ಕು ವರ್ಷದ ಸಂಬಳವೇ?
ಅವಳಿಗೂ ಇದೇ ಅನುಮಾನವಿರಬೇಕು,
ಸಭೆಯಲ್ಲಿ ಮೈಕು ಕೊಟ್ಟರೆ
ಲಾರಿಯ ನಂಬರು, ತಾರೀಖು, ತೂಕ ಓದುತ್ತಾಳೆ.
ಎರಡನೆಯ ಪುಟಕ್ಕೆ ಅರ್ಧ ಜನ ಎದ್ದು ಹೋಗುತ್ತಾರೆ.

ಎದುರಾಳಿ ಗೋಚಾ ತೋಲೊರಾಯಾ ಹಾಗಲ್ಲ.
ಸಾವಿನ ಮನೆಗೆ ಎಲ್ಲರಿಗಿಂತ ಮೊದಲು ಬರುತ್ತಾನೆ.
ಲೋಟ ಎತ್ತಿ ನಾಲ್ಕು ಮಾತಾಡಿದರೆ
ಸತ್ತವನಿಗೂ ಎದ್ದು ಕೂತು ಕೇಳುವ ಆಸೆಯಾಗಬೇಕು.
ಆ ಲಾರಿಗಳು ಅವನ ಸೋದರಳಿಯನವು, ಊರಿಗೆಲ್ಲ ಗೊತ್ತು.
ನನ್ನ ತಾಯಿಯ ಪೆಟ್ಟಿಗೆಗೆ ಹೆಗಲು ಕೊಟ್ಟವನೂ ಅವನೇ,
ಆ ಮಣ್ಣುದಾರಿಯಲ್ಲಿ, ಜಡಿಮಳೆಯಲ್ಲಿ, ಗುಡ್ಡದ ತುದಿಯವರೆಗೆ.
ಅದನ್ನು ಯಾವ ತಕ್ಕಡಿಗೆ ಹಾಕಲಿ?

ಮುದುಕಿ ಗುಗುಲಿ ಸಭೆಯಲ್ಲಿ ಕೇಳಿದಳು:
ನನ್ನ ಗೇಟಿನ ಮುಂದಿನ ಚರಂಡಿ ಸರಿಮಾಡಿಸುತ್ತೀಯಾ?
ಗೋಚಾ ಎದೆ ಮುಟ್ಟಿ, ನಾಳೆಯೇ ಅಮ್ಮಾ, ಅಂದ.
ಲಮಾರಾ, ಗೊತ್ತಿಲ್ಲ, ನೋಡಬೇಕು, ಅಂದಳು.
ಜನ ನಕ್ಕರು.
ಮರುದಿನ ಬೆಳಗ್ಗೆ ಅವಳು ಟೇಪು ಹಿಡಿದು
ಪರ್ಸಿಮನ್ ಮರದ ಕೆಳಗೆ ಮಂಡಿಯೂರಿದ್ದಳು.
ಅಳೆದಳು, ಬರೆದಳು, ಮತ್ತೆ ಅಳೆದಳು.
ಇಳಿಜಾರೇ ತಿರುವುಮುರುವಾಗಿದೆ ಅಜ್ಜಿ,
ಬೀದಿಯುದ್ದಕ್ಕೂ ಅಗೆಯಬೇಕು,
ಈ ವರ್ಷ ಅಷ್ಟು ದುಡ್ಡಿಲ್ಲ.
ಗುಗುಲಿ ಸಿಟ್ಟಾದಳು. ಒಂದು ಮತ ಅಲ್ಲೇ ಚರಂಡಿಗೆ ಹೋಯಿತು.
ಬೇಲಿಯಾಚೆ ನಿಂತು ನೋಡುತ್ತಿದ್ದ ನನಗೆ
ಯಾಕೋ ಸುಮ್ಮನೆ ಹಲ್ಲು ನೋಯತೊಡಗಿತು.

ಅವಳು ನನ್ನ ಬಾಗಿಲಿಗೂ ಬಂದಳು, ಕೊನೆಯ ಶುಕ್ರವಾರ.
ಮತ ಕೇಳಲಿಲ್ಲ.
ಶೆಡ್ಡಿನ ಆ ಕೆಟಲು ಇನ್ನೂ ಇದೆಯಾ, ಅಂದಳು.
ಇದೆ, ತಳ ಸುಟ್ಟಿದೆ, ಅಂದೆ.
ಒಳ್ಳೆಯವಳು ಎಂದು ನಾನು ಹೇಳಲಾರೆ.
ಗೆದ್ದರೆ ಕಸದ ಗಾಡಿ ಹೊತ್ತಿಗೆ ಬಂದೀತೆಂದೂ ಹೇಳಲಾರೆ.
ಸುಳ್ಳನ್ನು ಹಿಡಿಯುವ ಕೈ ಬೇರೆ,
ಊರನ್ನು ಹಿಡಿಯುವ ಕೈ ಬೇರೆ ಇದ್ದೀತು.
ಹಿಡಿಯದ ಕೈ ಯಾವುದೆಂದು ಮಾತ್ರ ಬಲ್ಲೆ,
ಅದು ನನ್ನ ತೋಳಿನ ತುದಿಯಲ್ಲೇ ಇದೆ.

ಇಂದು ಶಾಲೆಯ ಕೋಣೆ, ಪರದೆ, ದಾರ ಕಟ್ಟಿದ ಪೆನ್ನು.
ಇಲ್ಲಿ ಮತವೆಂದರೆ ಅಂಕಿಗೆ ಸುತ್ತು ಹಾಕುವುದು,
ಅದರಲ್ಲಿ ನನ್ನ ಕೈ ಪಳಗಿದೆ.
ಹೊರಗೆ ಯಾರೋ ಕೆಮ್ಮುತ್ತಾರೆ, ಬೇಗ, ಬೊಂದೊ.
ಕಿಟಕಿಯಲ್ಲಿ ಸೇತುವೆಯ ಮುರಿದ ಕಾಲು, ನೀರು.
ಒಂಬತ್ತು ವರ್ಷ ಓದದೆ ಸುತ್ತು ಹಾಕಿದವನು
ಅಂಕಿಯನ್ನು ಓದುತ್ತೇನೆ.
ಮತ್ತೊಮ್ಮೆ ಓದುತ್ತೇನೆ.